ಸರೋಜಾ ಆಂಟಿಯ ರಂಗೋಲಿ ಮೇಲೆ ದೋಣಿಯ ಎಂಜಿನ್

ಇವತ್ತು ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ದೋಣಿಗಾಗಿ ಜಗಳ ಕಣ್ರಪ್ಪಾ! ಜಲಾಶಯದಲ್ಲಿ ಬೋಟ್ ಓಡಿಸುವ ಪಕ್ಕದ ಮನೆಯ ಮಂಜ, ರಿಪೇರಿಗೆಂದು ಅದನ್ನು ಟ್ರೇಲರ್‌ನಲ್ಲಿ ತಂದು ನಿಲ್ಲಿಸಿದ್ದ. ಎದುರುಮನೆಯ ಸರೋಜಾ ಆಂಟಿ ತಮ್ಮ ಬಾಗಿಲ ಮುಂದೆ ರಂಗೋಲಿ ಹಾಕಿ ಕಾಫಿ ಕುಡಿದು ಬರುವಷ್ಟರಲ್ಲಿ, ದೋಣಿಯ ಹಿಂದುಗಡೆ ಮೇಲೆತ್ತಿಟ್ಟಿದ್ದ ಎಂಜಿನ್ ಮೆಲ್ಲಗೆ ಇಳಿದು ರಂಗೋಲಿಯ ಮೇಲೇ ಕೂತಿತ್ತು.

"ಏನೋ ಇದು ಅನಾಚಾರ!"

"ಎಂಜಿನ್ ಎತ್ತೋ ಪಂಪಲ್ಲಿ ಆಯಿಲ್ ಕಮ್ಮಿಯಾಗಿದೆ ಆಂಟಿ," ಎಂದ ಮಂಜ ಆಯಿಲ್ ತುಂಬಿ ಬಟನ್ ಒತ್ತಿದ.

ಅಷ್ಟು ಭಾರದ ಎಂಜಿನ್, ಯಾರೂ ಮುಟ್ಟದೆ, ಆನೆ ಸೊಂಡಿಲೆತ್ತಿದ ಹಾಗೆ ಮೇಲೆದ್ದಿತು. ಬೀದಿಯೇ ಬಾಯಿ ಬಿಟ್ಟು ನಿಂತಿತು. ಆಂಟಿ ಕೈಮುಗಿದರು.

"ಇನ್ನೊಂದ್ಸಲ ಎತ್ತಪ್ಪಾ."

"ಪಂಪಿನೊಳಗಿನ ಗಾಳಿ ಹೋಗೋಕೆ ಹೇಗೂ ನಾಲ್ಕೈದು ಸಲ ಎತ್ತಿ ಇಳಿಸ್ಲೇಬೇಕು ಆಂಟಿ."

ಈಗ ಪ್ರೊಪೆಲ್ಲರ್‌ಗೆ ಕುಂಕುಮ, ಅದರ ಕೆಳಗೇ ಹೊಸ ರಂಗೋಲಿ. ಆ ಜಾಗದಲ್ಲಿ ನನ್ನ ಸ್ಕೂಟರ್ ನಿಲ್ಲಿಸಲು ಒಂದು ದಿನವೂ ಬಿಟ್ಟವರಲ್ಲ ಈ ಮಹಾತಾಯಿ!