ಚಿನ್ನಮ್ಮನ ಬೆಳಗಿನ ಬ್ಯಾಚು

ಚಿನ್ನಮ್ಮನವರ ಕೆಲಸವನ್ನು ಕಿತ್ತುಕೊಳ್ಳಬೇಕಾಗಿದ್ದವನು ನಾನೇ. ಆದ್ದರಿಂದ ಅವರ ಬಗ್ಗೆ ಬರೆಯುವ ಅರ್ಹತೆ ಉಳಿದವರಿಗಿಂತ ನನಗೆ ಒಂದು ತೂಕ ಜಾಸ್ತಿ ಇದೆ.

2003ನೆಯ ಇಸವಿ. ನಾನು ಶಿವಮೊಗ್ಗದ ಒಂದು ಜಿಮ್ಮಿನಲ್ಲಿ ಸಂಬಳದ ಇನ್‌ಸ್ಟ್ರಕ್ಟರ್. ತೋಳು ಹದಿನಾಲ್ಕೂವರೆ ಇಂಚು. ಕಾಲಿನ ವಿಷಯ ಬೇಡ, ಅದಕ್ಕೆಂದೇ ವರ್ಷವಿಡೀ ಟ್ರ್ಯಾಕ್ ಪ್ಯಾಂಟ್ ಹಾಕುತ್ತಿದ್ದೆ. ಗೋಪಾಳದ ಮನೆಯಲ್ಲಿ ಅಮ್ಮ ಸತ್ಯಭಾಮಾ ಮಡಿಯುಟ್ಟು ಅಡುಗೆ ಮಾಡುತ್ತಿದ್ದರೆ, ಮಗ ಗುರುಪ್ರಸಾದ್ ಜಿಮ್ಮಿನ ಹಿತ್ತಲಲ್ಲಿ ನಿಂತು ಬೇಯಿಸಿದ ಮೊಟ್ಟೆ ನುಂಗಿ, ಬಾಯಿಗೆ ಏಲಕ್ಕಿ ಹಾಕಿಕೊಂಡು ಊಟಕ್ಕೆ ಬರುತ್ತಿದ್ದ. ನನಗೆ ಗೊತ್ತಿದ್ದ ವಿದ್ಯೆ ಒಂದೇ. ನನ್ನಂಥ ಹುಡುಗರನ್ನು ನನ್ನ ಹಾಗೆಯೇ ಮಾಡಿ ಕಳಿಸುವುದು.

ಆ ಏಪ್ರಿಲ್‌ನಲ್ಲಿ ನಮ್ಮಂಥವರಿಗೆಂದೇ ಒಂದು ಕೋರ್ಸ್ ಶುರುವಾಯಿತು. ಹನ್ನೆರಡು ಭಾನುವಾರ, ಗೋಪಾಳದ ಒಂದು ಹಾಲ್‌ನಲ್ಲಿ. ಸಕ್ಕರೆ ಕಾಯಿಲೆಯವರು, ಬಿಪಿಯವರು, ವಯಸ್ಸಾದವರು, ಮಂಡಿ ಸವೆದವರು, ಇವರಿಗೆಲ್ಲ ವ್ಯಾಯಾಮ ಹೇಳಿಕೊಡುವುದು ಹೇಗೆ ಎಂಬುದು ವಿಷಯ. ಕಲಿಸುವವರು ಫಿಸಿಯೋಥೆರಪಿಸ್ಟ್ ತನುಜಾ ಮೇಡಂ. ಮೊದಲ ದಿನ ಹೋದರೆ ಬಿಗಿ ಟೀ ಶರ್ಟಿನ ಇಪ್ಪತ್ತು ಹುಡುಗರ ನಡುವೆ ಒಬ್ಬ ಹೆಂಗಸು ಕೂತಿದ್ದರು. ವಯಸ್ಸು ನಲವತ್ತೆಂಟು. ಹಸಿರು ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಅವರೇ ಚಿನ್ನಮ್ಮ.

ಅವರ ತಂದೆ ಸೇಲಂ ಕಡೆಯಿಂದ ಭದ್ರಾವತಿ ಕಾರ್ಖಾನೆಗೆ ಬಂದವರು. ಚಿನ್ನಮ್ಮ ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಆ ಊರಿನ ನ್ಯೂ ಟೌನಿನಲ್ಲೇ. ಹುಡುಗಿಯಾಗಿದ್ದಾಗ ಗುಂಡು ಎಸೆತದಲ್ಲಿ ಕಪ್ ಗೆದ್ದಿದ್ದರು. ಆಮೇಲೆ ಬಹಳ ವರ್ಷ ಎತ್ತಿದ್ದು ಬರೀ ಗ್ಯಾಸ್ ಸಿಲಿಂಡರ್. ಅದನ್ನು ಒಬ್ಬರೇ ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತುವುದನ್ನು ನೋಡಿದ ಅಕ್ಕಪಕ್ಕದವರು, ನಮಗೂ ಸ್ವಲ್ಪ ಹೇಳಿಕೊಡಿ ಎಂದರಂತೆ. ಹಾಗೆ ಶುರುವಾದ ಹೆಂಗಸರ ಬೆಳಗಿನ ಬ್ಯಾಚನ್ನು ಅಲ್ಲಿನ ಒಂದು ಕ್ಲಬ್ಬಿನ ಹಾಲ್‌ನಲ್ಲಿ ಹನ್ನೊಂದು ವರ್ಷದಿಂದ ನಡೆಸುತ್ತಿದ್ದರು.

ಈಗ ಕ್ಲಬ್ಬಿಗೆ ಹೊಸ ಮಷಿನ್‌ಗಳು ಬಂದಿದ್ದವು, ಹೊಸ ಕಾರ್ಯದರ್ಶಿಯೂ ಬಂದಿದ್ದರು. ಆ ಕಾರ್ಯದರ್ಶಿ ರೇಣುಕಾಪ್ರಸಾದ್ ಚಿನ್ನಮ್ಮನಿಗೆ ಹೇಳಿದ್ದು ಇಷ್ಟು: ಜೂನ್ ಮುಗಿಯುವುದರೊಳಗೆ ಸರ್ಟಿಫಿಕೇಟ್ ತರಬೇಕು, ಇಲ್ಲವಾದರೆ ಬ್ಯಾಚು ಬೇರೆಯವರಿಗೆ. ಆ ಬೇರೆಯವರು ಯಾರೆಂದು ಅವರು ಹೇಳಿರಲಿಲ್ಲ. ನನಗೆ ಹೇಳಿದ್ದರು.

"ನೀನು ಸುಮ್ನೆ ಪಾಸಾಗು ಮಾರಾಯ," ಎಂದಿದ್ದರು. "ಜುಲೈಯಿಂದ ನೀನೇ. ಆಯಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ಮೂವತ್ತು ವರ್ಷ ಆಯ್ತು, ಪರೀಕ್ಷೆ ಎಲ್ಲಿ ಬರೀತಾರೆ?"

ಚಿನ್ನಮ್ಮನಿಗೆ ಇದು ಗೊತ್ತಿಲ್ಲವೆಂದು ನಾನು ತಿಳಿದಿದ್ದೆ. ಎರಡನೆಯ ಭಾನುವಾರ ಟೀ ಕುಡಿಯುವಾಗ ಅವರೇ ಅಂದರು: "ನನ್ನ ಜಾಗಕ್ಕೆ ಬರೋನು ನೀನೇ ಅಲ್ವಾ ತಂಬಿ?"

ನಾನು ಟೀ ಲೋಟದ ಒಳಗೆ ನೋಡಿದೆ.

"ಇರಲಿ ಬಿಡು. ಒಂದು ವಿಷಯ ಹೇಳ್ತೀನಿ ಕೇಳು. ಬೆಳಗ್ಗೆ ಆರರಿಂದ ಏಳು ಗಂಟೆವರೆಗೆ ಅಲ್ಲಿ ನನ್ನ ಹೆಸರು ಹಿಡಿದು ಕರೀತಾರೆ. ಉಳಿದ ಇಪ್ಪತ್ಮೂರು ಗಂಟೆ ನಾನು ಮುರುಗನ ಅಮ್ಮ. ಅಷ್ಟು ಸುಲಭಕ್ಕೆ ಬಿಡಲ್ಲ ಅದನ್ನ."

ನಾಲ್ಕನೆಯ ಭಾನುವಾರ ತನುಜಾ ಮೇಡಂ ಬಿಪಿಯ ಪಾಠ ಮಾಡಿದರು. ಭಾರ ಎತ್ತುವಾಗ ಉಸಿರು ಕಟ್ಟಬಾರದು, ಬಿಪಿ ಇರುವವರಂತೂ ಕಟ್ಟಲೇಬಾರದು, ಎತ್ತುತ್ತ ಉಸಿರು ಬಿಡಬೇಕು ಎಂದರು. ಚಿನ್ನಮ್ಮ ಎದ್ದು ನಿಂತರು.

"ಮೇಡಂ, ನಾನು ಹನ್ನೊಂದು ವರ್ಷದಿಂದ ದಮ್ಮು ಕಟ್ಟಿ ಎತ್ತಿ ಅಂತಾನೇ ಹೇಳಿದ್ದೀನಿ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಏಕೆಂದರೆ ಹಿಂದಿನ ದಿನವಷ್ಟೇ ನಾನೂ ಒಬ್ಬ ಬ್ಯಾಂಕ್ ಮ್ಯಾನೇಜರಿಗೆ ಅದನ್ನೇ ಹೇಳಿದ್ದೆ.

ಮಾರನೆಯ ದಿನದಿಂದ ಒಂದು ವಾರ ರೇಣುಕಾಪ್ರಸಾದ್ ನನ್ನನ್ನು ಚಿನ್ನಮ್ಮನ ಬ್ಯಾಚಿಗೆ ಟ್ರಯಲ್‌ಗೆಂದು ಕರೆಸಿದ್ದರು. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಭದ್ರಾವತಿಗೆ ಹೋದೆ. ಚಿನ್ನಮ್ಮ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು, "ಉಸಿರು ಕಟ್ಟಿ ಅಂತ ನಾನು ಹೇಳಿದ್ದು ತಪ್ಪು. ಇವತ್ತಿಂದ ಯಾರೂ ಕಟ್ಟಬೇಡಿ," ಎಂದರು. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಬ್ಯಾಚು ಬಿಟ್ಟುಹೋದವರು ಮನೆಯಲ್ಲಿ ಇನ್ನೂ ಹಾಗೇ ಮಾಡುತ್ತಿರಬಹುದಲ್ಲ ಎಂಬ ಯೋಚನೆ ಅವರ ತಲೆ ಹೊಕ್ಕಿತು. ಹಳೆಯ ಹಾಜರಿ ಪುಸ್ತಕ ತೆಗೆದು, ಬಿಟ್ಟವರ ಹೆಸರು ಬರೆದುಕೊಂಡು, ದಿನಾ ಸಂಜೆ ಮನೆಮನೆಗೆ ಹೋಗಿ ಅದೇ ಮಾತು ಹೇಳಿ ಬಂದರು.

ರೇಣುಕಾಪ್ರಸಾದ್ ಅವರಿಗೆ ತಲೆಕೆಟ್ಟಿತು. "ತಪ್ಪು ಕಲಿಸಿದೆ ಅಂತ ತಾವೇ ಊರಿಗೆಲ್ಲ ಡಂಗುರ ಹೊಡ್ಕೊಂಡು ಬರ್ತಿದ್ದಾರಲ್ಲಯ್ಯ. ಕ್ಲಬ್ಬಿನ ಮರ್ಯಾದೆ ಏನಾಗ್ಬೇಕು?"

ನಾನು ಮರ್ಯಾದಸ್ಥನಂತೆ ತಲೆಯಾಡಿಸಿದೆ.

ಆ ವಾರ ನನ್ನ ಪಾಲಿಗೆ ಬಂದವರು ಬಸವರಾಜೇಶ್ವರಿ ಎಂಬ ಹೊಸ ಸದಸ್ಯೆ. ಹಾರ್ಡ್‌ವೇರ್ ಅಂಗಡಿಯವರ ಮನೆ, ಐವತ್ತೆರಡು ವರ್ಷ, ಸೊಂಟ ನೋವು. ಅವರನ್ನು ನೋಡಿದ್ದ ಡಾಕ್ಟರು, ಬೆನ್ನು ಹಿಂದಕ್ಕೆ ಬಾಗಿಸುವ ವ್ಯಾಯಾಮ ಮಾಡಿ ಎಂದು ಚೀಟಿ ಕೊಟ್ಟಿದ್ದರು. ಬೋರಲು ಮಲಗಿ ಎದೆ ಎತ್ತಿ ಎಂದೆ. "ನಾಳೆ ಮಾಡ್ತೀನಪ್ಪ," ಎಂದರು. ಮಾರನೆಯ ದಿನವೂ ನಾಳೆ. ಮೂರನೆಯ ದಿನ ಅವರ ಉತ್ಸಾಹ ಹೆಚ್ಚಿಸಲು ಒಂದು ಡಯಟ್ ಚಾರ್ಟ್ ಕೊಟ್ಟೆ. ನಮ್ಮ ಜಿಮ್ಮಿನ ಹುಡುಗರಿಗೆ ಕೊಡುತ್ತಿದ್ದದ್ದೇ. ಬೆಳಗ್ಗೆ ಆರು ಮೊಟ್ಟೆ, ಮಧ್ಯಾಹ್ನ ಚಿಕನ್. ಆ ಲಿಂಗಾಯತರ ಮನೆಯಾಕೆ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದವರು ಮತ್ತೆ ಬರಲಿಲ್ಲ. ನಾನು ಹಾಜರಿ ಪುಸ್ತಕದಲ್ಲಿ "ಆಸಕ್ತಿ ಇಲ್ಲ" ಎಂದು ದುಂಡಗೆ ಬರೆದೆ.

ಜೂನ್ ಮೊದಲ ವಾರ ತನುಜಾ ಮೇಡಂ ಕೊನೆಯ ಪರೀಕ್ಷೆ ಏನೆಂದು ತಿಳಿಸಿದರು. ಬರೆಯುವ ಪರೀಕ್ಷೆಗೆ ಅರ್ಧ ಅಂಕ. ಇನ್ನರ್ಧಕ್ಕೆ, ನಮ್ಮ ಹತ್ತಿರ ಬಂದು ಬಿಟ್ಟುಹೋದ ಒಬ್ಬರನ್ನು ಹುಡುಕಿ, ಯಾಕೆ ಬಿಟ್ಟರೆಂದು ತಿಳಿದು, ಅವರಿಗೆ ಒಪ್ಪುವ ವ್ಯಾಯಾಮ ಕಲಿಸಿ, ಪರೀಕ್ಷೆಯ ದಿನ ಕರೆತರಬೇಕು. ನಮ್ಮ ಜಿಮ್ಮು ಬಿಟ್ಟ ಹುಡುಗರೆಲ್ಲ ಊರನ್ನೇ ಬಿಟ್ಟಿದ್ದರು. ಉಳಿದವರು ಬಸವರಾಜೇಶ್ವರಿ ಒಬ್ಬರೇ. ಒಬ್ಬನೇ ಹೋಗಿ ಆ ಮನೆಯ ಗೇಟಿನ ಮುಂದೆ ಎರಡು ಸಲ ಓಡಾಡಿ ವಾಪಸ್ ಬಂದೆ. ಕೊನೆಗೆ ನಾಚಿಕೆ ಬಿಟ್ಟು ಚಿನ್ನಮ್ಮನನ್ನೇ ಕೇಳಿದೆ.

"ನನ್ನ ಕೆಲಸ ತಗೊಳ್ಳೋಕೆ ನನ್ನನ್ನೇ ಸಹಾಯ ಕೇಳ್ತೀಯಲ್ಲ, ನಿನ್ನ ಧೈರ್ಯಕ್ಕೆ ಮೆಚ್ಚಿದೆ," ಎಂದರು ಅವರು. "ನಡಿ. ಅಲ್ಲಿ ನೀನು ಬಾಯಿ ಬಿಡಬೇಡ."

ಬಸವರಾಜೇಶ್ವರಿ ಒಗ್ಗರಣೆ ಮಂಡಕ್ಕಿ ಕೊಟ್ಟು ಕೂರಿಸಿದರು. ಯಾಕೆ ಬಿಟ್ಟಿರಿ ಎಂದರೆ ಮನೆ ಕೆಲಸ ಎಂದರು. ಚಿನ್ನಮ್ಮ ಒತ್ತಾಯ ಮಾಡಲಿಲ್ಲ. ತಮ್ಮ ಕಥೆ ಹೇಳಿದರು. ಹನ್ನೊಂದು ವರ್ಷ ಉಸಿರು ಕಟ್ಟಿಸಿದ್ದು, ಕ್ಲಾಸಿನಲ್ಲಿ ಹುಡುಗರು ನಕ್ಕಿದ್ದು ಎಲ್ಲ ಹೇಳಿ, ಮೊದಲು ನಕ್ಕವನು ಇವನೇ ಎಂದು ನನ್ನ ಕಡೆ ಗದ್ದ ತೋರಿಸಿದರು. ಬಸವರಾಜೇಶ್ವರಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಕ್ಕ ಮೇಲೆ ಮಾತು ಬಂತು.

"ನನ್ನ ಕೊರಳಲ್ಲಿ ಲಿಂಗ ಇದೆ ಕಣ್ರಿ. ಇವನು ನೋಡಿದ್ರೆ ಬೋರಲು ಮಲಗಿ ಅಂತಾನೆ. ಲಿಂಗಾನ ಎದೆ ಅಡಿಗೆ ಹಾಕ್ಕೊಂಡು ನೆಲಕ್ಕೆ ಒತ್ತಲಾ? ತೆಗೆದು ಮೊಳೆಗೆ ನೇತು ಹಾಕ್ಲಾ?"

"ಅವನಿಗೆ ಹೇಳಬಹುದಿತ್ತಲ್ಲ ಅಕ್ಕ?"

"ಅವನು ಕೇಳಿದ್ನಾ? ಕೇಳದೆ ಆರು ಮೊಟ್ಟೆ ಬರೆದುಕೊಟ್ಟ. ಆ ಚೀಟಿ ನಮ್ಮ ಅತ್ತೆ ಕೈಗೆ ಸಿಕ್ಕಿದ್ರೆ ನನ್ನ ಗತಿ ಏನು?"

ನಾನು ಮಂಡಕ್ಕಿ ತಟ್ಟೆಯನ್ನು ಪಕ್ಕಕ್ಕಿಟ್ಟೆ. ಚಿನ್ನಮ್ಮ ಹಣೆ ಒತ್ತಿಕೊಂಡರು. "ನನ್ನ ಬ್ಯಾಚಿನಲ್ಲೂ ಇಬ್ಬರು ಹಿಂಗೇ ನಾಳೆ ನಾಳೆ ಅಂದು ಬಿಟ್ಟುಹೋದ್ರು. ನಾನು ಸೋಮಾರಿಗಳು ಅಂದ್ಕೊಂಡಿದ್ದೆ. ಅವರ ಮನೆಗೆ ಇನ್ನೊಂದು ಸಲ ಹೋಗ್ಬೇಕು ಈಗ."

ಬೋರಲು ಮಲಗಲಾಗದವರಿಗೆ ಅದೇ ವ್ಯಾಯಾಮವನ್ನು ನಿಂತು ಮಾಡಿಸಬಹುದೆಂದು ಎಂಟನೆಯ ಭಾನುವಾರ ಪಾಠವಾಗಿತ್ತು. ನಾನು ಆ ದಿನ ಕೊನೆಯ ಬೆಂಚಿನಲ್ಲಿ ತೋಳಿನ ಸುತ್ತಳತೆ ನೋಡಿಕೊಳ್ಳುತ್ತಿದ್ದೆ. ಚಿನ್ನಮ್ಮ ನೋಟ್ಸ್ ಬರೆದಿದ್ದರು, ಈಗ ಎದ್ದು ಮಾಡಿ ತೋರಿಸಿದರು. ಬಸವರಾಜೇಶ್ವರಿ ಎದ್ದು ನಿಂತು, ಎರಡೂ ಅಂಗೈ ಸೊಂಟದ ಹಿಂದಿಟ್ಟು, ನಿಧಾನವಾಗಿ ಹಿಂದಕ್ಕೆ ಬಾಗಿದರು. ಲಿಂಗ ಇದ್ದಲ್ಲೇ ಇತ್ತು. "ಇಷ್ಟೇನಾ?" ಎಂದು ಇನ್ನೊಂದು ಸಲ ಬಾಗಿದರು.

ಪರೀಕ್ಷೆಯ ದಿನ ರೇಣುಕಾಪ್ರಸಾದ್ ಅವರೂ ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ನನ್ನ ಸರದಿ ಬಂತು. ಬಸವರಾಜೇಶ್ವರಿ ಚೆನ್ನಾಗಿ ಮಾಡಿ ತೋರಿಸಿದರು. ತನುಜಾ ಮೇಡಂ ಕೇಳಿದರು: "ಇವರು ಮೊದಲು ಯಾಕೆ ಬಿಟ್ಟಿದ್ದರು?"

ನನ್ನ ಹತ್ತಿರ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ಉತ್ತರವಿತ್ತು. ಆದರೆ ಬಸವರಾಜೇಶ್ವರಿ ಪಕ್ಕದಲ್ಲೇ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

"ನಾನು ಏನೂ ಕೇಳಲಿಲ್ಲ ಮೇಡಂ. ತಪ್ಪು ನನ್ನದೇ," ಎಂದು ಮೊಟ್ಟೆಯ ಚಾರ್ಟಿನವರೆಗೂ ಹೇಳಿಬಿಟ್ಟೆ. "ಚಿನ್ನಮ್ಮ ಕರ್ಕೊಂಡು ಹೋಗದಿದ್ರೆ ಗೊತ್ತೇ ಆಗ್ತಿರಲಿಲ್ಲ."

ರೇಣುಕಾಪ್ರಸಾದ್ ಕನ್ನಡಕ ತೆಗೆದು ಒರೆಸತೊಡಗಿದರು.

ಆಮೇಲೆ ಚಿನ್ನಮ್ಮನ ಸರದಿ. ಅವರ ಹಿಂದೆ ಒಬ್ಬರಲ್ಲ, ಏಳು ಹೆಂಗಸರು ಒಳಗೆ ಬಂದರು. ಎಲ್ಲರೂ ಬ್ಯಾಚು ಬಿಟ್ಟುಹೋಗಿ, ಅವರು ಮನೆಗೆ ಬಂದು ತಪ್ಪಾಯಿತು ಎಂದ ಮೇಲೆ ಮರಳಿದವರು.

"ಒಬ್ಬರು ಸಾಕಿತ್ತಲ್ಲ ಚಿನ್ನಮ್ಮ," ಎಂದರು ಮೇಡಂ.

"ನಾನೂ ಒಬ್ರನ್ನೇ ಕರೆದಿದ್ದು ಮೇಡಂ. ಬಸ್ಸಲ್ಲಿ ಸೀಟಿತ್ತು, ಎಲ್ಲಾ ಹತ್ತಿಬಿಟ್ರು."

ರೇಣುಕಾಪ್ರಸಾದ್ ಆ ಏಳು ಜನರಲ್ಲಿ ಪುಷ್ಪಮ್ಮ ಎಂಬ ಹಿರಿಯರನ್ನು ಕೇಳಿದರು: "ತಪ್ಪು ಕಲಿಸಿದೆ ಅಂತ ಅವರೇ ಹೇಳಿದ ಮೇಲೂ ಬಂದ್ರಾ ನೀವು?"

"ಹೇಳಿದ್ರು ಅಂತಾನೇ ಬಂದಿದ್ದು ಸಾರ್. ನಮಗೆ ಹೇಳ್ಕೊಟ್ಟೋರು ಬೇಕಾದಷ್ಟು ಜನ ಇದ್ದಾರೆ. ಹೇಳಿದ್ದು ತಪ್ಪು ಅಂತ ಮನೆ ಬಾಗಿಲಿಗೆ ಬಂದೋರು ಇವರೊಬ್ರೇ."

ಬರೆಯುವ ಪರೀಕ್ಷೆಯಲ್ಲಿ ಚಿನ್ನಮ್ಮನಿಗೆ ನನಗಿಂತ ಆರು ಅಂಕ ಕಡಿಮೆ. ಇದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ, ಬೇರೆ ಎಲ್ಲೂ ಹೇಳಲು ಅವಕಾಶ ಸಿಕ್ಕಿಲ್ಲ. ಒಟ್ಟು ಲೆಕ್ಕದಲ್ಲಿ ಇಬ್ಬರೂ ಪಾಸು. ಬ್ಯಾಚು ಚಿನ್ನಮ್ಮನಿಗೇ ಉಳಿಯಿತು. ರೇಣುಕಾಪ್ರಸಾದ್ ಆಕೆಯ ಕೈಗೆ ಪತ್ರ ಕೊಟ್ಟು, ನನ್ನ ಕಡೆ ತಿರುಗಿ, ಹೆಂಗಸರ ಸಂಖ್ಯೆ ಜಾಸ್ತಿಯಾಗಿದೆ, ವಾರಕ್ಕೆರಡು ದಿನ ನೀನೂ ಹೋಗಿ ಅವರ ಕೈಕೆಳಗೆ ಕೆಲಸ ಮಾಡು ಎಂದರು. ಕೈಕೆಳಗೆ ಎಂಬುದನ್ನು ಸ್ವಲ್ಪ ಒತ್ತಿಯೇ ಅಂದರು.

ಹಾಲ್ ಬಾಗಿಲಲ್ಲಿ ಚಿನ್ನಮ್ಮ ಸರ್ಟಿಫಿಕೇಟನ್ನು ಸುರುಳಿ ಸುತ್ತಿಕೊಂಡು ನಿಂತಿದ್ದರು. "ಆಗಸ್ಟ್‌ನಲ್ಲಿ ಬಸುರಿ ಬಾಣಂತಿಯರ ವ್ಯಾಯಾಮದ ಬಗ್ಗೆ ಇನ್ನೊಂದು ಕ್ಲಾಸಿದೆಯಂತೆ ತಂಬಿ. ಹೆಸರು ಬರೆಸಿದೆ."

"ಒಳ್ಳೇದಾಯ್ತು ಅಕ್ಕ."

"ನಿಂದೂ ಬರೆಸಿದ್ದೀನಿ. ಮುಂದಿನ ಬೆಂಚಲ್ಲಿ ಕೂರಬೇಕು."