ಹೊನ್ನಣ್ಣನ ಹೆಸರಿನ ಮೀನುಗಳು

ಗಾಳ ಬಿಡುವ ಮುಂಚೆ ಶೇಖಪ್ಪ ಕೊರಳಿನ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಳ್ಳುತ್ತಿದ್ದ. ಬೆಳ್ಳಿಯ ಆ ಪುಟ್ಟ ಕರಡಿಗೆಯೊಳಗೆ ಅವನ ಇಷ್ಟಲಿಂಗವಿತ್ತು. ಬೆನ್ನ ಹಿಂದೆ ಇಟ್ಟರೆ ಶಿವನಿಗೆ ಕಾಣುವುದಿಲ್ಲವೆಂದು ಅವನೇನೂ ನಂಬಿರಲಿಲ್ಲ. ಆದರೆ ಅದು ಎದೆಯ ಮೇಲೆ ಇರುವಾಗ ಗಾಳ ಬಿಡಲು ಅವನಿಗೆ ಕೈ ಬರುತ್ತಿರಲಿಲ್ಲ.

ಐವತ್ತಾರು ವರ್ಷದ ಈ ಮನುಷ್ಯ ಊರು ಬಿಟ್ಟು ಪರದೇಶಕ್ಕೆ ಬಂದು, ಥಾರ್ನ್‌ಹಿಲ್ಲಿನಲ್ಲಿ ಹೆಂಡತಿ ಚೆನ್ನಮ್ಮನ ಜೊತೆ ಇದ್ದ. ಪಕ್ಕದ ವಾನ್ ಪಟ್ಟಣದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಡಬ್ಬಿಗಳ ಮುಚ್ಚಳ ಮಾಡುವ ಯಂತ್ರ ನೋಡಿಕೊಳ್ಳುತ್ತಿದ್ದ. ಅವರ ಮನೆಗೆ ಮೊಟ್ಟೆ ಹಾಕಿದ ಕೇಕು ಕೂಡ ಬರುತ್ತಿರಲಿಲ್ಲ. ಸೊಪ್ಪು ಸೋಸುವಾಗ ಹುಳ ಸಿಕ್ಕರೆ ಅದನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹಿತ್ತಲಿಗೆ ಬಿಟ್ಟು ಬರುವವನು ಎಂದು ಪರಿಚಯದವರೆಲ್ಲ ಅವನನ್ನು ನಗುತ್ತಲೇ ಗೌರವಿಸುತ್ತಿದ್ದರು.

ಅಂಥವನು ಒಂಬತ್ತು ವರ್ಷದಿಂದ, ಪ್ರತಿ ನವೆಂಬರಿನಲ್ಲಿ, ಸಿಮ್ಕೋ ಸರೋವರಕ್ಕೆ ಹೋಗುತ್ತಿದ್ದ. ದೋಣಿ ಹೊನ್ನಪ್ಪನದು. ಹೊನ್ನಪ್ಪ ಕೃಷ್ಣಾ ದಂಡೆಯ ಅಂಬಿಗರ ಮಗ, ಈಗ ಪಿಕರಿಂಗಿನಲ್ಲಿ ಮನೆ ಮಾಡಿದ್ದ. ಶೇಖಪ್ಪನಿಗಿಂತ ನಾಲ್ಕು ವರ್ಷ ಹಿರಿಯ, ಎಲ್ಲರ ಬಾಯಲ್ಲಿ ಹೊನ್ನಣ್ಣ. ಲೋಕಕ್ಕೆ ಗೊತ್ತಿದ್ದದ್ದು ಇಷ್ಟು: ಹೊನ್ನಣ್ಣ ಮೀನು ಹಿಡಿಯುತ್ತಾನೆ, ಶೇಖಪ್ಪ ಹಗ್ಗ ಹಿಡಿದು ಜೊತೆಗೆ ಕೂತಿರುತ್ತಾನೆ.

ನಡೆಯುತ್ತಿದ್ದದ್ದು ತಿರುಗುಮುರುಗು. ಮೊದಲ ವರ್ಷ ಹೊನ್ನಪ್ಪ ಚಹಾ ಬಗ್ಗಿಸಿಕೊಳ್ಳುವಷ್ಟು ಹೊತ್ತು ಗಾಳದ ಕೋಲು ಹಿಡಿದುಕೋ ಎಂದು ಇವನ ಕೈಗೆ ಕೊಟ್ಟಿದ್ದ. ನೀರಿನೊಳಗೆ ಇಪ್ಪತ್ತು ಅಡಿ ಕೆಳಗೆ ಏನೋ ಒಂದು ದಾರವನ್ನು ಮುಟ್ಟಿತು. ಎಳೆದದ್ದಲ್ಲ, ಬರೀ ಮುಟ್ಟಿದ್ದು. ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಹುಟ್ಟಿದ ಶೇಖಪ್ಪನ ತೋರುಬೆರಳಿಗೆ ಆ ಸ್ಪರ್ಶದ ಗುರುತಿತ್ತು. ಮಗ್ಗದ ಮೇಲೆ ನೂರಾರು ಎಳೆಗಳ ನಡುವೆ ಒಂದು ಎಳೆ ಸಡಿಲಾದರೂ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು. ಅವನಿಗೇ ಗೊತ್ತಾಗದಂತೆ ಕೈ ಮೇಲೆದ್ದಿತು. ಅಂಗೈಯಷ್ಟು ಉದ್ದದ ಪರ್ಚ್ ಮೀನು, ಹಳದಿ ಮೈಮೇಲೆ ಕಪ್ಪು ಪಟ್ಟೆ, ದೋಣಿಯೊಳಗೆ ಬಂದು ಬಿತ್ತು. ಆ ದಿನ ಅವನು ಹತ್ತೊಂಬತ್ತು ಮೀನು ಹಿಡಿದ. ಹೊನ್ನಪ್ಪ ಐದು.

ದಡಕ್ಕೆ ಬಂದಾಗ ಶೇಖಪ್ಪನೇ ಕೈಮುಗಿದಿದ್ದ. "ಹೊನ್ನಣ್ಣಾ, ನಮ್ಮನ್ಯಾಗ ಗೊತ್ತಾಗಬಾರದು. ಎಲ್ಲಾ ನಿನ್ನ ಹೆಸರ್ಲೆ ಇರಲಿ."

ಇರಲಿ ಎಂದವನು ಶೇಖಪ್ಪನೇ. ಆ ಮಾತೇ ಅವನನ್ನು ಸುಡತೊಡಗಿದ್ದು ಆಮೇಲೆ.

ನೀರು ಹೆಪ್ಪುಗಟ್ಟುವ ಮುಂಚಿನ ಕೊನೆಯ ಶನಿವಾರ ದೋಣಿ ಇಳಿಸುವುದು, ಮರುದಿನ ಮಧ್ಯಾಹ್ನ ಹೊನ್ನಪ್ಪನ ಮನೆಯಲ್ಲಿ ಊಟ, ಇದು ಪದ್ಧತಿಯಾಯಿತು. ಹೊನ್ನಪ್ಪನ ಹೆಂಡತಿ ಶಾರದವ್ವ ಗ್ಯಾರೇಜಿನಲ್ಲಿ ಒಲೆ ಹೂಡಿ ಮೀನು ಕರಿಯುತ್ತಿದ್ದಳು. ತಿನ್ನದವರಿಗೆ ಒಳಗೆ ಬೇರೆ ಪಾತ್ರೆ, ಬೇರೆ ಅಡಿಗೆ. ಶೇಖಪ್ಪ ರೊಟ್ಟಿ, ಶೇಂಗಾ ಚಟ್ನಿ ಹಾಕಿಸಿಕೊಂಡು ಬಂದು ಗ್ಯಾರೇಜಿನ ಒಂದು ಮೂಲೆಯಲ್ಲಿ ಕೂತು ಹೊನ್ನಪ್ಪನ ಹೊಗಳಿಕೆ ಕೇಳುತ್ತಿದ್ದ.

"ಹೊನ್ನಣ್ಣನ ಕೈಗುಣ ಅಂದ್ರ ಕೈಗುಣ ನೋಡ್ರಿ," ಎನ್ನುವನು ಬಸವೇಶ. ಟ್ರಕ್ಕು ಓಡಿಸುವ ಈ ಹುಬ್ಬಳ್ಳಿಯವನ ಬಾಯಿಗೆ ಬಿಡುವಿರಲಿಲ್ಲ. "ಶೇಖಪ್ಪಣ್ಣಾರು ದೋಣ್ಯಾಗ ಕುಂತು ಶಿವಾ ಶಿವಾ ಅಂತಾರ. ಮೀನಾ ಕೇಳಾಕ ಬರ್ತಾವ. ಹೊನ್ನಣ್ಣಾ ಹಿಡಕೋತಾನ!"

ಎಲ್ಲರೂ ನಗುತ್ತಿದ್ದರು. ಶೇಖಪ್ಪನೂ ನಗಬೇಕಾಗುತ್ತಿತ್ತು. ಅದನ್ನೂ ಸಹಿಸಿಕೊಳ್ಳುತ್ತಿದ್ದ. ಸಹಿಸಲಾಗದ್ದು ಇನ್ನೊಂದಿತ್ತು. ಹೊನ್ನಪ್ಪ ತೋರುಬೆರಳು ಎತ್ತಿ ಎಲ್ಲರಿಗೂ ಹೇಳುತ್ತಿದ್ದ: "ದಾರ ತಾನ ಮಾತಾಡ್ತೈತಿ. ಬೆರಳು ಬಾಯಿ ಮುಚ್ಚಿಕೊಂಡು ಕೇಳಬೇಕು, ಅಷ್ಟ." ಇದು ಶೇಖಪ್ಪನ ಮಾತು. ದೋಣಿಯಲ್ಲಿ ಅವನೇ ಹೇಳಿಕೊಟ್ಟದ್ದು. ಮೀನು ಹೋಗಲಿ, ಮಾತನ್ನೂ ಕೊಡಬೇಕೆ? ಚೆನ್ನಮ್ಮ ಕೂಡ ಆ ಮಾತು ಬಂದಾಗ ತಟ್ಟೆಯಿಂದ ತಲೆಯೆತ್ತಿ ಹೊನ್ನಪ್ಪನನ್ನೇ ನೋಡುತ್ತಿದ್ದಳು. ಆಗ ಶೇಖಪ್ಪ ರೊಟ್ಟಿಯನ್ನು ತಟ್ಟೆಯಲ್ಲೇ ಬಿಡುತ್ತಿದ್ದ. ಮನೆಗೆ ಬಂದರೆ ಅವನ ಹೆಬ್ಬೆರಳಿನ ಗೀರುಗಳಿಗೆ ಅವಳೇ ಅರಿಸಿನ ಹಚ್ಚುತ್ತಿದ್ದಳು. "ದೋಣಿ ಹಗ್ಗ ತಾಗೇತಿ," ಎನ್ನುತ್ತಿದ್ದ. ಪರ್ಚ್ ಮೀನಿನ ಬೆನ್ನಿಗೆ ಮುಳ್ಳಿರುತ್ತದೆ, ಕಿವಿರಿನ ಅಂಚು ಬ್ಲೇಡಿನ ಹಾಗೆ ಎಂದು ಹೇಳುವಂತಿರಲಿಲ್ಲ.

ಈ ವರ್ಷ ಶೇಖಪ್ಪ ಒಂದು ನಿಶ್ಚಯ ಮಾಡಿಕೊಂಡು ದೋಣಿ ಹತ್ತಿದ. ದಡದಲ್ಲಿ ಗಾಜಿನ ಹಾಳೆಯಂಥ ತೆಳು ಮಂಜುಗಡ್ಡೆ ಕಟ್ಟಿತ್ತು. ಹುಟ್ಟುಗೋಲಿನಿಂದ ಅದನ್ನು ಒಡೆದು ದೋಣಿ ಇಳಿಸಿದರು. ಕೊಲ್ಲಿಯ ನಡುವೆ, ನೀರೊಳಗಿನ ಹುಲ್ಲು ಇನ್ನೂ ಹಸಿರಾಗಿ ಉಳಿದಿದ್ದ ಕಡೆ ಲಂಗರು ಹಾಕಿದರು. ಹೊನ್ನಪ್ಪ ಪುಟ್ಟ ಮೀನನ್ನು ಎರೆಯಾಗಿ ಚುಚ್ಚಿ ಗಾಳ ಬಿಟ್ಟ. ಶೇಖಪ್ಪ ಅತ್ತ ತಿರುಗಿ ಕೂತು, ಬರೀ ಗಾಳ ಬಿಟ್ಟ. ಎರೆಯೇ ಇಲ್ಲದ ಬೋಳು ಗಾಳ.

ಮಧ್ಯಾಹ್ನ ಒಂದು ಗಂಟೆಯಾಯಿತು. ಮೂರಾಯಿತು. ಹೊನ್ನಪ್ಪನಿಗೆ ಸಿಕ್ಕದ್ದು ಮೂರು. ಮತ್ತೆ ಮತ್ತೆ ದಾರ ಎತ್ತಿ ನೋಡಿದರೆ ಎರೆ ಮಾಯ.

"ತಿಂದು ಹೊಕ್ಕಾವು ಕಳ್ಳ ನನ್ಮಕ್ಕಳು. ಗೊತ್ತ ಆಗವಲ್ದು," ಎಂದ ಹೊನ್ನಪ್ಪ. "ನಿನಗೂ ಇಲ್ಲೇನೋ ತಮ್ಮಾ?"

"ಇಲ್ಲಪಾ. ಇವತ್ತ ಮೀನ ಇಲ್ಲ ಅನಸ್ತೈತಿ."

"ನಾಳೆ ಇಪ್ಪತ್ತನಾಕ ಮಂದಿ ಬರ್ತಾರಲ್ಲೋ!"

"ಬರಲಿ ಬಿಡು. ಮೂರ ಅದಾವಲ್ಲ."

ಹಾಗೆನ್ನುವಾಗ ಶೇಖಪ್ಪನ ಬಾಯಲ್ಲಿ ಬೆಲ್ಲ ಇಟ್ಟ ಹಾಗಿತ್ತು. ನಾಳೆ ಬಸವೇಶ ಏನೆನ್ನುತ್ತಾನೋ, ಶಾರದವ್ವ ಖಾಲಿ ಬಾಣಲೆ ಮುಂದೆ ಹೇಗೆ ನಿಲ್ಲುತ್ತಾಳೋ, ಎಲ್ಲವನ್ನೂ ಒಂದೊಂದಾಗಿ ಚಪ್ಪರಿಸುತ್ತ ಕೂತ. ಬೆರಳಿನ ಮೇಲಿದ್ದ ದಾರ ಮಾತ್ರ ಆಗಾಗ ಸಣ್ಣಗೆ ನಡುಗುತ್ತಿತ್ತು. ಕೆಳಗೆ ಮೀನುಗಳು ಬಂದು ಬೋಳು ಗಾಳವನ್ನು ಮೂಸಿ ಹೋಗುತ್ತಿದ್ದವು. ರಾಶಿ ಮೀನಿತ್ತು.

ಗಾಳಿಗೆ ದೋಣಿ ತಿರುಗಿ ಇಬ್ಬರ ದಾರಗಳೂ ಸಿಕ್ಕು ಬಿದ್ದವು. ಬೇಡವೆನ್ನುವುದರೊಳಗೆ ಹೊನ್ನಪ್ಪ ಎರಡನ್ನೂ ಮೇಲೆಳೆದ. ಶೇಖಪ್ಪನ ಗಾಳ ಹೊಸ ಸೂಜಿಯ ಹಾಗೆ ಹೊಳೆಯುತ್ತಿತ್ತು.

"ಎರಿ ಹಾಕಿಲ್ಲೇನು?"

ಶೇಖಪ್ಪ ಗಾಳ ಕಸಿದುಕೊಳ್ಳಲು ಕೈ ಚಾಚಿದ.

"ಮುಂಜಾನಿಂದ?"

"ನಿನ್ನ ಕೈಗುಣ ನೋಡೂಣು ಅಂತ," ಎಂದ ಶೇಖಪ್ಪ. ತನ್ನ ದನಿ ಅವನಿಗೇ ಹುಳಿ ಹತ್ತಿದಂತೆ ಕೇಳಿಸಿತು.

ಹೊನ್ನಪ್ಪ ಬೈಯುತ್ತಾನೆಂದು ಕಾದ. ಹೊನ್ನಪ್ಪ ಕೈಗವಸು ಕಳಚಿ, ಗಾಳದ ಮೊನೆಯನ್ನು ತನ್ನ ತೋರುಬೆರಳಿನ ತುದಿಗೆ ಒತ್ತಿದ. ರಕ್ತದ ಒಂದು ಚುಕ್ಕೆ ಮೂಡಿತು. ಮುಖ ಅಲುಗಲಿಲ್ಲ.

"ಗೊತ್ತಾಗೂದಿಲ್ಲ," ಎಂದ. "ಹದಿನೆಂಟ ವರ್ಷ ಫ್ರೀಜರ್ ವೇರ್‌ಹೌಸಿನ್ಯಾಗ ಡಬ್ಬಿ ಎತ್ತೇನಿ. ಬೆರಳು ಸತ್ತಾವು. ನಮ್ಮಪ್ಪ ಕಣ್ಣ ಮುಚ್ಚಿಕೊಂಡು 'ಬಂತು' ಅಂತಿದ್ದ ನೋಡು, ನೀ ಹಂಗ ಅಂತೀ. ಅಂಬಿಗರ ಮಗ ನಾ ಇಲ್ಲೇ ಕಲ್ಲಿನಂಗ ಕುಂತಿರ್ತೀನಿ, ನೇಕಾರರ ಮಗ ನೀ ಎಳೀತೀ, ಎಳೀತೀ... ಒಂಬತ್ತ ವರ್ಷ ನನ್ನ ಹೊಟ್ಟಿ ಎಷ್ಟ ಉರದಿರಬೇಕು ಹೇಳು. ಆ ಊಟದ ಒಂದ ದಿವಸ ಹೆಸರಾರ ಬರ್ತೈತಿ ಅಂತ ತಡಕೊಂಡೇನಿ."

ಶೇಖಪ್ಪನಿಗೆ ಮೊದಲು ಬಂದದ್ದು ಕನಿಕರವಲ್ಲ, ಹಿತ. ತನ್ನನ್ನು ಕಂಡೂ ಒಬ್ಬನ ಹೊಟ್ಟೆ ಉರಿದಿದೆ ಎಂಬ ಹಿತ. ಆ ಹಿತಕ್ಕಾಗಿ ನಾಚಿಕೆಯಾದದ್ದು ಆಮೇಲೆ. ಬಕೆಟ್ಟಿಗೆ ಕೈ ಹಾಕಿ ಎರೆ ತೆಗೆದು ಚುಚ್ಚಿದ.

ಬೆಳಕು ಇನ್ನೂ ಒಂದೂವರೆ ಗಂಟೆ ಇತ್ತು. ಆ ಹೊತ್ತಿನಲ್ಲಿ ಮೂವತ್ತೊಂದು ಮೀನು ಹಿಡಿದ. ಲಂಗರು ಎತ್ತುವಾಗ, ಕರಡಿಗೆಯನ್ನು ಎದೆಗೆ ತಂದುಕೊಂಡು ಹೇಳಿದ: "ನಾಳೆ ಎಲ್ಲಾರ ಮುಂದ ಹೇಳು ಹೊನ್ನಣ್ಣಾ. ಯಾರ ಹಿಡದ್ರು ಅಂತ."

"ಚೆನ್ನಮ್ಮಾರು ಕುಂತಿರ್ತಾರೋ!"

"ಇರಲಿ. ನನಗ ಸಾಕಾಗೇತಿ."

ಮರುದಿನ ಹೊನ್ನಪ್ಪ ಮಾತಿಗೆ ತಪ್ಪಲಿಲ್ಲ. ಬಸವೇಶ ಕೈಗುಣದ ಮಾತು ತೆಗೆದದ್ದೇ ತಡ, ಎದ್ದು ನಿಂತು ಹೇಳಿದ: "ಕೇಳ್ರಿ ಇಲ್ಲೆ. ಇವು ನಾ ಹಿಡದವಲ್ಲ. ಒಂಬತ್ತ ವರ್ಷದಿಂದ ಹಿಡಿಯಾಕತ್ತಾನ ನಮ್ಮ ಶೇಖಪ್ಪ."

ಒಂದು ಕ್ಷಣ ಬಾಣಲೆಯ ಸದ್ದು ಮಾತ್ರ ಕೇಳಿಸಿತು. ಆಮೇಲೆ ಗ್ಯಾರೇಜು ಹಾರಿಹೋಗುವಂತೆ ನಗು ಎದ್ದಿತು.

"ಹುಳಾ ಹಿತ್ತಲಕ್ಕ ಬಿಡೂ ಶೇಖಪ್ಪಣ್ಣಾರಾ?" ಬಸವೇಶ ಕಣ್ಣೊರೆಸಿಕೊಂಡ. "ಹೊನ್ನಣ್ಣಾ, ಇಷ್ಟ ವರ್ಷದಾಗ ಇಂಥಾ ಜೋಕ್ ಹೊಡದಿದ್ದಿಲ್ಲ ಬಿಡು ನೀ!"

"ಖರೇನ ನಾನ ಹಿಡದದ್ದು," ಎಂದು ಶೇಖಪ್ಪ ಎದ್ದು ನಿಂತ. ನಗು ಇನ್ನೂ ಜೋರಾಯಿತು. ಒಬ್ಬರು ಬಂದು ಅವನ ಬೆನ್ನು ತಟ್ಟಿದರು. ನಿಜ ಹೇಳಿದ್ದಕ್ಕೂ ಹೊಗಳಿಕೆ ಹೊನ್ನಣ್ಣನಿಗೇ ಹೋಯಿತು. ಶೇಖಪ್ಪ ಕೂತು ರೊಟ್ಟಿ ಮುರಿದ. ಆ ನಗುವಿನಲ್ಲಿ ಚೆನ್ನಮ್ಮ ಸೇರಿರಲಿಲ್ಲ ಎಂಬುದನ್ನು ಅವನು ನೋಡಲಿಲ್ಲ.

ಕಾರಿನಲ್ಲಿ ಮನೆಯ ದಾರಿ ಅರ್ಧ ಮುಗಿದಿತ್ತು. ಚೆನ್ನಮ್ಮ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು: "ಹಗ್ಗಕ್ಕ ಮುಳ್ಳ ಇರ್ತಾವೇನ್ರಿ?"

ಶೇಖಪ್ಪ ಹೆಬ್ಬೆರಳನ್ನು ಸ್ಟಿಯರಿಂಗಿನ ಹಿಂದೆ ಮರೆಮಾಡಿದ.

"ಒಂಬತ್ತ ವರ್ಷ ಅರಿಸಿನಾ ಹಚ್ಚೇನಿ. ನನಗ ಕಣ್ಣಿಲ್ಲೇನು?"

"ಮತ್ತ ಕೇಳಲಿಲ್ಲಲ್ಲ?"

"ನೀವ ಹೇಳ್ತೀರಿ ಅಂತ ಸುಮ್ಮನಿದ್ದೆ. ಈಗೂ ನನಗ ಸೇರೂದಿಲ್ಲ ಅದು. ಆ ಜಾಕೆಟ್ಟು ಗ್ಯಾರೇಜಿನ್ಯಾಗ ಬಿಡ್ರಿ. ಮೈ ತೊಳಕೊಳ್ಳದ ದೇವರ ಕೋಣಿಗೆ ಬರಬ್ಯಾಡ್ರಿ." ಅವನ ಕಡೆ ತಿರುಗಿ, "ಎಷ್ಟ ಹಿಡದ್ರಿ?" ಎಂದಳು.

"ಮೂವತ್ತೊಂದು."

"ಹೊನ್ನಣ್ಣಾರು?"

"ಮೂರು."

"ಮೂರಾ?" ಚೆನ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕೇಳಿದಳು: "ದಾರ ತಾನ ಮಾತಾಡ್ತೈತಿ ಅಂತಾರಲ್ಲ ಅವರು, ಬೆರಳ ಎತ್ತಿ. ಅದು ಯಾರ ಮಾತು?"

"ಅದೂ ನಂದ," ಎಂದ ಶೇಖಪ್ಪ.

"ಅನಕೊಂಡಿದ್ದೆ," ಎಂದಳು ಚೆನ್ನಮ್ಮ. ಅವಳೂ ನೇಕಾರರ ಮನೆಯ ಮಗಳು. "ಅದು ಮಗ್ಗದ ಮುಂದ ಕುಂತವರ ಮಾತು. ನೀರಾಗ ಹುಟ್ಟಿದ್ದಲ್ಲ."