ನಲ್ಲಿ ನಿಲ್ಲಿಸಿ ಎಂದವಳು

ಇಡೀ ಚಿತ್ರಮಂದಿರ ಉಸಿರು ಬಿಗಿಹಿಡಿದು ಕೂತಿದ್ದಾಗ ಹೊಲಿಗೆಯಕ್ಕನ ಬಾಯಿಂದ ಮಾತು ಜಾರಿತು: "ಆ ನಲ್ಲಿ ಯಾರಾದ್ರೂ ನಿಲ್ಲಿಸ್ರಪ್ಪಾ!"

ಪರದೆಯ ಮೇಲೆ, ಮಗಳನ್ನು ಕಳೆದುಕೊಂಡ ತಾಯಿ ಅಡುಗೆಮನೆಯ ನೆಲದಲ್ಲಿ ಕುಸಿದು ಕೂತಿದ್ದಳು. ಮಾತಿಲ್ಲ, ಸಂಗೀತವಿಲ್ಲ. ನಲ್ಲಿ ಮಾತ್ರ ಧೋ ಎಂದು ಸುರಿಯುತ್ತಿತ್ತು. ಪಾತ್ರೆಗಳು ಮುಳುಗಿ, ನೀರು ನೆಲಕ್ಕಿಳಿದು, ಅವಳ ಬಟ್ಟೆಯನ್ನು ನೆನೆಸುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುಂದೆ ಕೂತಿದ್ದ ಗಡ್ಡದವನು ಮೂಗು ಒರೆಸಿಕೊಳ್ಳುತ್ತಲೇ ತಿರುಗಿ ದುರುಗುಟ್ಟಿದ. ಪಕ್ಕದಲ್ಲಿದ್ದ ತಂಗಿ ಮೊಣಕೈ ಚಿವುಟಿದಳು.

ಕರೆತಂದವಳು ಆ ತಂಗಿಯೇ. ಅಮ್ಮ ಹೋದಮೇಲೆ ತವರು ಅಂತ ಹೊಲಿಗೆಯಕ್ಕನಿಗೆ ಉಳಿದಿದ್ದವಳು ಅವಳೊಬ್ಬಳೇ. ಬೀದಿಗೆ ಮುಖಮಾಡಿದ ಕೋಣೆಯಲ್ಲಿ ಕಾಲರು, ಜೇಬು, ಅಂಚು ಹೊಲಿಯುತ್ತ ಇಪ್ಪತ್ತು ವರ್ಷ ಕಳೆದವಳು ಹೊಲಿಗೆಯಕ್ಕ. ಕೈ ಬಟ್ಟೆಯ ಮೇಲಿದ್ದರೂ ಕಿವಿ ಒಲೆಯ ಮೇಲೆ. ಇವತ್ತು ಅರ್ಧ ದಿನ ಹೊರಬೀಳಲು ಎರಡು ಹೊತ್ತಿನ ಅಡುಗೆ ಮಾಡಿಟ್ಟು, ಯಾವ ಪಾತ್ರೆಯಲ್ಲಿ ಏನಿದೆ ಎಂದು ಗಂಡನಿಗೆ ಪಾಠ ಒಪ್ಪಿಸಿ ಬಂದಿದ್ದಳು.

ದೀಪ ಹತ್ತಿದರೂ ಎಷ್ಟೋ ಜನ ಏಳಲಿಲ್ಲ. ಹೊರಗೆ ಒಬ್ಬಾಕೆ ಗೆಳತಿಯ ಹೆಗಲಿಗೆ ಒರಗಿ, "ಏನೂ ಅರ್ಥ ಆಗ್ಲಿಲ್ಲ ಕಣೇ, ಆದ್ರೆ ಅತ್ತು ಅತ್ತು ಸಾಕಾಯ್ತು" ಎನ್ನುತ್ತಿದ್ದಳು. ಹೊಲಿಗೆಯಕ್ಕ ಕಣ್ಣು ಮುಟ್ಟಿ ನೋಡಿಕೊಂಡಳು. ಒಣಗಿತ್ತು.

"ಒಂದು ತೊಟ್ಟಾದ್ರೂ ಬಂತಾ ನಿಂಗೆ?" ತಂಗಿ ಕೇಳಿದಳು.

"ನೆಲ ಒರೆಸೋಳು ಯಾರು ಅಂತ ಯೋಚ್ನೆ ಆಯ್ತು."

"ಮಗಳು ಸತ್ತಿದಾಳೆ ಅಕ್ಕಾ!"

"ಅದಕ್ಕೇ ಕೇಳ್ತಿರೋದು. ಅವಳೇ ತಾನೇ ಎದ್ದು ಒರೆಸ್ಬೇಕು?"

ತಂಗಿಯ ಮುಖ ಗಂಟಿಕ್ಕಿತು. "ಅಮ್ಮ ಹೋದಾಗ್ಲೂ ನೀನು ಅಳ್ಲಿಲ್ಲ. ಕಲ್ಲು ನೀನು. ಇನ್ನೊಂದ್ಸಲ ನಿನ್ನನ್ನ ಎಲ್ಲಿಗೂ ಕರೆಯಲ್ಲ."

ಹೊಲಿಗೆಯಕ್ಕ ನಡೆಯುತ್ತಿದ್ದವಳು ನಿಂತುಬಿಟ್ಟಳು. ಹೌದೇ? ಅಳಲಿಲ್ಲವೇ? ಆ ದಿನವನ್ನು ಎಷ್ಟು ಕೆದಕಿದರೂ ಅಳು ಸಿಗುತ್ತಿಲ್ಲ, ಪಕ್ಕದ ಮನೆಯಿಂದ ಕೇಳಿ ತಂದ ದೊಡ್ಡ ಪಾತ್ರೆಯೇ ಸಿಗುತ್ತಿದೆ. ಯಾರದೋ ಮಗುವಿನ ಹಸಿವು, ಹಾಸಿಗೆ ಸಾಲದೆ ಹಾಸಿದ ಪರದೆ ಬಟ್ಟೆ. ಅಳು ಬಂದಿರಬೇಕು. ಬಂದು, ಇವಳು ಖಾಲಿ ಇಲ್ಲದ್ದು ನೋಡಿ ಹೋಗಿರಬೇಕು.

"ನೀನು ಅಮ್ಮನ ಕಾಲ ಹತ್ರ ಕೂತಿದ್ದೆ," ಎಂದಳು ಮೆಲ್ಲಗೆ. "ನಾನು ಒಳಗಿದ್ದೆ."

"ಒಳಗೆ ಏನು ಮಾಡ್ತಿದ್ದೆ?"

"ಲೋಟ ತೊಳೀತಿದ್ದೆ. ಬಂದೋರಿಗೆಲ್ಲ ಚಹಾ ಕೊಡ್ಬೇಕಿತ್ತಲ್ಲ. ನಿಂಗೂ ತಂದ್ಕೊಟ್ಟೆ. ಸಕ್ಕರೆ ಕಮ್ಮಿ ಅಂದೆ ನೀನು."

"ನಾನಾ? ಅವತ್ತಾ?"

"ಹೂಂ. ಹಾಕ್ಕೊಂಡು ಬಂದೆ."

ತಂಗಿ ಚಿತ್ರಮಂದಿರದ ಮೆಟ್ಟಿಲ ಮೇಲೆಯೇ ಕುಕ್ಕರಿಸಿ, ಒಳಗೆ ಅತ್ತಿದ್ದು ಏನೂ ಅಲ್ಲ ಎನ್ನುವಂತೆ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಇಳಿದು ಹೋಗುತ್ತಿದ್ದ ಗಡ್ಡದವನು ನಿಂತು, "ತಡ್ಕೊಳೋಕಾಗಲ್ಲ ಮೇಡಂ, ಅಂಥಾ ಸಿನಿಮಾ" ಎಂದು ತಲೆಯಾಡಿಸಿ ಹೋದ.

ಹೊಲಿಗೆಯಕ್ಕನಿಗೆ ದಿಕ್ಕೇ ತೋಚಲಿಲ್ಲ. "ದೂರೋಕೆ ಹೇಳಿದ್ದಲ್ಲ ಕಣೇ. ನೀನು ಕೇಳ್ದೆ, ಅದಕ್ಕೆ ಹೇಳ್ದೆ."

"ಸುಮ್ನಿರು ಅಕ್ಕಾ!" ಎಂದು ತಂಗಿ ಗದರಿದಳು. ಗದರಿದವಳೇ ಅಕ್ಕನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಈ ಅಳು ಪರದೆಯ ಮೇಲಿನವಳಿಗೋ, ಅಮ್ಮನಿಗೋ, ಸಕ್ಕರೆಗೋ? ಹಿಡಿದಿರುವುದು ಸಿಟ್ಟಿನಿಂದಲೋ, ಬಿಟ್ಟುಹೋಗಬೇಡವೆಂದೋ? ಹೊಲಿಗೆಯಕ್ಕನಿಗೆ ಒಂದೂ ಬಗೆಹರಿಯಲಿಲ್ಲ. ಸಮಾಧಾನ ಮಾಡೋಣವೆಂದರೆ ಯಾವುದಕ್ಕೆಂದು ಮಾಡುವುದು? ಕೈ ಬಿಡಿಸಿಕೊಳ್ಳದೆ, ದಾರಿಗೆ ಅಡ್ಡವಾಗುತ್ತದೆಂದೂ ನೋಡದೆ, ಅವಳೂ ಆ ಮೆಟ್ಟಿಲ ಮೇಲೆ ಕೂತಳು.